ಬಿತ್ತುವಟ್ಟದಿಂದ ರಾಜಕಾಲುವೆಗೆ: ಮಳೆನೀರಿನ ಲೆಕ್ಕ ಯಾರ ತಲೆಗೆ?

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಸ್ವಂತ ಮನೆ ಇರುವವರು ಒಮ್ಮೆ ಬೀರುವಿನಿಂದ ಹಳೆಯ ಕ್ರಯಪತ್ರ ತೆಗೆದು ನೋಡಿ. ಅದು ಕನ್ನಡದಲ್ಲಿ ಬರೆಸಿದ ಪತ್ರವಾಗಿದ್ದರೆ, ಚಕ್ಕುಬಂದಿಯ ಆಸುಪಾಸಿನಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಸಾಲೊಂದು ಬಹುಮಟ್ಟಿಗೆ ಸಿಗುತ್ತೆ. ಕೆಲವರ ಪತ್ರದಲ್ಲಿ ‘ತರು’ ಕೂಡ ಸೇರಿರುತ್ತೆ. ಬರೆಸಿದವರಾಗಲಿ ಬರೆದವರಾಗಲಿ ಅದರ ಅರ್ಥ ವಿಚಾರಿಸುವುದು ಕಡಿಮೆ. ಶಾಸನ ಓದುವವರಿಗೆ ಮಾತ್ರ ಇದು ಹಳೆಯ ಪರಿಚಯ. ಇದೇ ಅಷ್ಟಭೋಗ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಊರನ್ನೋ ಭೂಮಿಯನ್ನೋ ಬಿಟ್ಟುಕೊಡುವಾಗ ಅದರ ಜೊತೆಗೆ ಹೋಗುವ ಎಂಟು ಹಕ್ಕುಗಳನ್ನು ಹೀಗೇ ಹೆಸರಿಸುತ್ತಿದ್ದರು. ಕಲ್ಲು ಮತ್ತು ತಾಮ್ರಪಟಗಳಿಂದ ಹೊರಟ ಈ ಮಾತು ಇವತ್ತಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಛಾಪಾ ಕಾಗದದವರೆಗೆ ನಡೆದುಕೊಂಡು ಬಂದಿದೆ.

ಆ ಎಂಟರಲ್ಲಿ ಮೂರನೆಯದು ಜಲ. 30×40 ಸೈಟಿನಲ್ಲಿ ಜಲ ಅಂದ್ರೆ ಏನು? ಬಾವಿ, ಬೋರ್‌ವೆಲ್ ಅಂತ ತಕ್ಷಣ ಹೇಳ್ತೀವಿ. ತಾರಸಿಯ ಮೇಲೆ ಬಿದ್ದ ಮಳೆ? ಅದು ಪೈಪಿನಲ್ಲಿ ಇಳಿದು ಗೇಟು ದಾಟಿದ ಕ್ಷಣಕ್ಕೆ ನಮ್ಮದಲ್ಲದ್ದಾಗಿಬಿಡುತ್ತೆ. ಆಮೇಲೆ ಅದು ಪಾಲಿಕೆಯ ನೀರು, ಪಾಲಿಕೆಯ ಚರಂಡಿ, ಪಾಲಿಕೆಯ ತಲೆನೋವು. ಹಕ್ಕು ಪತ್ರದಲ್ಲಿ ಉಳಿದಿದೆ, ಹೊಣೆ ಎಲ್ಲೂ ಬರೆದಿಲ್ಲ.

ನೀರಿನ ಕುರಿತ ಶಾಸನಗಳು ಹಾಗಿರಲಿಲ್ಲ. ನೀರಿನ ಕಟ್ಟಡವೊಂದು ಇದೆ ಎಂದರೆ ಅದರ ದುರಸ್ತಿಯ ಖರ್ಚು ಎಲ್ಲಿಂದ ಬರಬೇಕು, ಯಾವ ಅಳತೆಯಲ್ಲಿ, ಯಾರ ಕೈಗೆ ಎಂಬುದನ್ನೂ ಅದೇ ಕಲ್ಲಿನಲ್ಲಿ ಕೆತ್ತುವ ರೂಢಿ ನಮ್ಮ ಸೀಮೆಯಲ್ಲಿ ಬಹುಕಾಲ ಇತ್ತು. ಪ್ರಪಂಚದ ಹಲವು ನಗರಗಳು ಇಂದು ಆಸ್ತಿ ಮಾಲೀಕರ ಮೇಲೆ ಮಳೆನೀರು ಶುಲ್ಕ ಹಾಕುತ್ತಿವೆ. ಬೆಂಗಳೂರಿನಲ್ಲಿ ಅಂಥದ್ದು ಇಲ್ಲ. ಹಾಕಬೇಕೇ, ಹಾಕುವುದಾದರೆ ಹೇಗೆ ಎಂಬ ಪ್ರಶ್ನೆಯನ್ನು ವೃಷಭಾವತಿ ಕಣಿವೆಯಲ್ಲಿ ನಿಂತು, ಶಾಸನಗಳ ಕಡೆಯಿಂದ ನೋಡುವ ಪ್ರಯತ್ನ ಈ ಬರಹ.

ಅಗರದ ಕಲ್ಲು ಹೇಳುವುದು

ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಹೊರತಂದರು. ಅದರಲ್ಲಿರುವ ಅಗರದ ಶಾಸನ ಗಂಗರ ಕಾಲದ್ದು, ಸುಮಾರು ಕ್ರಿ.ಶ. 870ರದ್ದು. ಅಗರ ಇರುವುದು ನಗರದ ಇನ್ನೊಂದು ಮಗ್ಗುಲಲ್ಲಿ, ಈಗಿನ ಎಚ್‌ಎಸ್‌ಆರ್ ಬಡಾವಣೆಯ ಪಕ್ಕ. ಆದರೂ ನಮ್ಮ ವಿಷಯಕ್ಕೆ ಅದೇ ಮೊದಲ ಪಾಠ. ಸತ್ಯವಾಕ್ಯ ಪೆರ್ಮಾನಡಿಯ ಆಳ್ವಿಕೆಯಲ್ಲಿ ಇರುಗಮಯ್ಯನ ಮಗ ಸಿರಿಮಯ್ಯ ಎಂಬಾತ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಹೊಸದಾಗಿ ಕಟ್ಟಿಸಿ, ಆ ಕೆರೆಗಳ ಬಿತ್ತುವಟ್ಟವನ್ನು ಪಡೆದ ಎಂಬುದು ಅದರ ಸಾರಾಂಶ.

ಶಾಸನ ಚಿಕ್ಕದು, ಆದರೆ ವ್ಯವಹಾರ ಪೂರ್ತಿಯಾಗಿದೆ. ಮಾಡಿದ ಕೆಲಸ ಎರಡು ತೂಬು, ಒಂದು ಕೆರೆ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಬಿತ್ತುವಟ್ಟ. ಬಿತ್ತು ಅಂದ್ರೆ ಬೀಜ. ಕೆರೆಯ ಕೆಳಗಣ ಗದ್ದೆಯಲ್ಲಿ, ಅದೇ ನೀರಿನಿಂದ ಬೆಳೆಯುವುದರಲ್ಲಿ, ಕೆರೆಯ ಹೆಸರಿಗೆ ಮೀಸಲಾದ ಭಾಗ ಅದು. ಕೆಲವೆಡೆ ಭೂಮಿಯ ರೂಪದಲ್ಲಿ, ಕೆಲವೆಡೆ ಫಸಲಿನ ಪಾಲಿನ ರೂಪದಲ್ಲಿ ಬರುತ್ತೆ. ಹೇಗೇ ಬರಲಿ, ನೀರು ಪಡೆದ ನೆಲವೇ ನೀರು ತಂದ ಕಟ್ಟಡವನ್ನು ಸಾಕಬೇಕು ಎಂಬುದು ಅದರ ಹಿಂದಿನ ತತ್ವ.

ಇದರ ಬಂಧುಬಳಗ ದೊಡ್ಡದು. ಕೆರೆ ಕಟ್ಟಿದವನಿಗೆ ಅಥವಾ ಕೆರೆಯನ್ನು ನೋಡಿಕೊಳ್ಳುವವನಿಗೆ ತೆರಿಗೆಯಿಲ್ಲದೆ ಅಥವಾ ಕಡಿಮೆ ತೆರಿಗೆಯಲ್ಲಿ ಬಿಡುವ ಭೂಮಿ ಕಟ್ಟುಗೊಡಗೆ. ಕೆರೆಯ ಸಲುವಾಗಿ ಬಿಡುವ ಹತ್ತರಲ್ಲೊಂದು ಪಾಲು ದಸವಂದ. ನಮ್ಮ ಪೂರ್ವದ ಗಡಿಸೀಮೆಯ ಮತ್ತು ಆಂಧ್ರದ ಶಾಸನಗಳಲ್ಲಿ ಇದು ಹೆಚ್ಚು ಕಾಣುತ್ತೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಗೆ ಬಂದರು. ಬೆಂಗಳೂರಿನ ಸುತ್ತ ಇಷ್ಟೊಂದು ತಮಿಳು ಶಾಸನ ಸಿಗುವುದು ಅದರಿಂದಲೇ. ಅವರ ಕಡೆಯ ಪದಗಳೂ ಇದೇ ಜಾತಿಯವು: ಕೆರೆಯ ಸುಂಕಕ್ಕೆ ಏರಿ ಆಯಂ, ಕೆರೆಯ ಖರ್ಚಿಗೆ ಮೀಸಲಿಟ್ಟ ನೆಲಕ್ಕೆ ಏರಿಪ್ಪಟ್ಟಿ, ಕೆರೆ ನೋಡಿಕೊಳ್ಳುವ ಸಮಿತಿಗೆ ಏರಿ ವಾರಿಯಂ. ಉತ್ತರಮೇರೂರಿನಲ್ಲಿರುವ ಒಂದನೆಯ ಪರಾಂತಕನ 919 ಮತ್ತು 921ರ ಶಾಸನಗಳಲ್ಲಿ ಈ ಸಮಿತಿಗೆ ಸದಸ್ಯರನ್ನು ಆರಿಸುವ ಕ್ರಮವೇ ಇದೆ.

ಈ ಎಲ್ಲದರಲ್ಲೂ ಐದು ವಿಷಯ ಖಚಿತವಾಗಿರುತ್ತೆ. ಯಾವ ಕೆರೆ ಅಥವಾ ಕಾಲುವೆ, ಯಾವ ನೆಲದಿಂದ ಆದಾಯ, ಎಷ್ಟು ಅಳತೆ, ಯಾರ ಸುಪರ್ದಿ, ತಪ್ಪಿದರೆ ಏನು. ಅಳತೆಯನ್ನು ಖಂಡುಗ, ಕೊಳಗದಲ್ಲಿ ಹೇಳುತ್ತಿದ್ದರು. ಇಷ್ಟು ಕೊಳಗ ಬೀಜವರಿ ಗದ್ದೆ ಅಂದ್ರೆ ಅಷ್ಟು ಬೀಜ ಹಿಡಿಯುವ ನೆಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ತಪ್ಪಿದರೆ ಏನು ಎಂಬುದಕ್ಕೆ ಕೊನೆಯ ಶಾಪಾಶಯ ಇದ್ದೇ ಇದೆ. ಗಂಗೆಯ ದಡದಲ್ಲಿ ಕವಿಲೆಯನ್ನು ಕೊಂದ ಪಾಪ ನಮಗೆಲ್ಲ ಬಾಯಿಪಾಠ. ನಗು ಬರಬಹುದು, ಆದರೆ ಜಾರಿ ಅಧಿಕಾರಿ ಇಲ್ಲದ ಊರಿನಲ್ಲಿ ಒಂದು ಕರಾರು ರಾಜ ಬದಲಾದ ಮೇಲೂ ನಿಲ್ಲಬೇಕಾದರೆ ಬೇರೇನು ದಾರಿಯಿತ್ತು?

ಹಾಗಂತ ಇದನ್ನು ಸತ್ಯಯುಗ ಅಂತ ತಿಳಿಯಬೇಕಿಲ್ಲ. ಬಿತ್ತುವಟ್ಟ ಪಡೆದವರು ಊರೊಡೆಯರು, ಗಾವುಂಡರು, ಅಗ್ರಹಾರದ ಮಹಾಜನರು. ಏರಿಗೆ ಮಣ್ಣು ಹೊತ್ತವರ ಹೆಸರು ಕಲ್ಲಿನಲ್ಲಿ ಅಪರೂಪ. ರಾತ್ರಿ ಹೊತ್ತು ತೂಬು ಕಾಯ್ದ ನೀರುಗಂಟಿಯ ಕಷ್ಟವೂ ಶಾಸನದ ವಿಷಯವಲ್ಲ. ನಾವು ಇಲ್ಲಿಂದ ತೆಗೆದುಕೊಳ್ಳಬೇಕಾದದ್ದು ಸಮಾಜದ ಚಿತ್ರವನ್ನಲ್ಲ, ಲೆಕ್ಕ ಬರೆಯುವ ಶಿಸ್ತನ್ನು.

ಆರು ದೋಷ

ಇನ್ನೊಂದು ಶಾಸನವನ್ನೂ ಇಲ್ಲಿ ನೆನೆಯಬೇಕು. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಬಳಿ, ಬುಕ್ಕರಾಯನ ಮಗ ಭಾಸ್ಕರ ಭವದೂರ 1369ರಲ್ಲಿ ಬರೆಸಿದ ಸಂಸ್ಕೃತ ಶಾಸನ. ದಿನಕ್ಕೆ ಸಾವಿರ ಆಳು ದುಡಿದು ಎರಡು ವರ್ಷದಲ್ಲಿ ಕೆರೆ ಕಟ್ಟಿದ್ದನ್ನು ಹೇಳುವ ಈ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯಂಗಳದ ನಡುವೆ ದಿಬ್ಬ, ಇವು ಮೂರು ದೋಷ. ಉಳಿದ ಮೂರು ನಮಗೆ ಹೆಚ್ಚು ಮುಖ್ಯ: ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು, ನೀರು ಹೆಚ್ಚಾಗಿ ನೆಲ ಕಡಿಮೆಯಾಗುವುದು, ಮತ್ತು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು.

ಮೊದಲೆರಡು ಪ್ರಮಾಣದ ಮಾತು. ನೀರಿಗೂ ನೆಲಕ್ಕೂ ಒಂದು ಅನುಪಾತ ಇರಬೇಕು, ಅದು ತಪ್ಪಿದರೆ ಕಟ್ಟಡ ಎಷ್ಟು ಗಟ್ಟಿ ಇದ್ದರೂ ದೋಷವೇ. ಮೂರನೆಯದು ಆಡಳಿತದ ಮಾತು. ಇಬ್ಬರ ನಡುವಿನ ಕೆರೆಗೆ ಯಾರೂ ಗತಿಯಿಲ್ಲ. ಪಶ್ಚಿಮ ಬೆಂಗಳೂರಿನ ಮಳೆನೀರಿಗೆ ಈ ಮೂರರಲ್ಲಿ ಎರಡು ದೋಷ ತಗುಲಿಕೊಂಡಿವೆ.

ಕಣಿವೆ ಬಡಾವಣೆಯಾದಾಗ

ಬೆಂಗಳೂರಿನ ಏಣುದಿಣ್ಣೆ ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುತ್ತೆ. ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಕಾವೇರಿಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎಂಬುದು ನಂಬಿಕೆ. ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥವನ್ನೂ ಮೂಲ ಎನ್ನುವವರಿದ್ದಾರೆ. ಅದೇ ಕಾಡುಮಲ್ಲೇಶ್ವರದ ಬಂಡೆಯಲ್ಲಿ 1669ರ ಶಾಸನವಿದೆ. ಮರಾಠ ದೊರೆ ಏಕೋಜಿ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು ಅದು ಹೇಳುತ್ತೆ. ಇಲ್ಲಿ ಕೆರೆಯ ಮಾತಿಲ್ಲ, ಆದರೆ ಕ್ರಮ ಅದೇ: ಇಂಥ ಊರಿನ ಆದಾಯ ಇಂಥ ಕೆಲಸಕ್ಕೆ. ಆದಾಯಕ್ಕೂ ಖರ್ಚಿಗೂ ಕಲ್ಲಿನ ಗಂಟು.

ಈ ಕಣಿವೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಹಳ್ಳಿಗಳ ಕಣಿವೆ. ಕೇತಮಾರನಹಳ್ಳಿ, ಸಾಣೆಗೊರವನಹಳ್ಳಿ, ಶಿವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ನಾಯಂಡಹಳ್ಳಿ. ಇಂಥ ಊರುಗಳ ಕೆರೆಗಳಲ್ಲಿ ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ 1945ರಲ್ಲಿ ಬಂತು. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನ ಕೈಗಾರಿಕಾ ಉಪನಗರ ಶುರುವಾಯಿತು. ಆಮೇಲೆ ಬಸವೇಶ್ವರನಗರ, ವಿಜಯನಗರ, ಬಿಡಿಎ ಕಾಲದಲ್ಲಿ ಇನ್ನೂ ಪಶ್ಚಿಮಕ್ಕೆ ಬಡಾವಣೆಗಳು, ಕೊನೆಗೆ ಕೆಂಗೇರಿ ಉಪನಗರ. ಕೇತಮಾರನಹಳ್ಳಿ ಕೆರೆ, ಮಾರೇನಹಳ್ಳಿ ಕೆರೆ, ವಿಜಯನಗರದ ಕಾರ್ಡ್ ರಸ್ತೆಯ ಕೆರೆ ಇವೆಲ್ಲ ಈಗ ವಿಳಾಸಗಳಾಗಿವೆ.

ಕೆರೆ ಹೋದರೆ ಅದಕ್ಕೆ ನೀರು ತರುತ್ತಿದ್ದ ಕಾಲುವೆ ಯಾಕೆ ಉಳಿಯುತ್ತೆ? ಬೆಂಗಳೂರಿನ ಮಳೆನೀರು ನಿರ್ವಹಣೆಯ ಮೇಲೆ ಸಿಎಜಿ 2021ರಲ್ಲಿ ಮಂಡಿಸಿದ ವರದಿಯ ಒಂದು ಅಂಕಿ ಸಾಕು. ವೃಷಭಾವತಿ ಕಣಿವೆಯಲ್ಲಿ 1900ರ ಆರಂಭದಲ್ಲಿ 226.29 ಕಿ.ಮೀ. ಇದ್ದ ಕಾಲುವೆಗಳು 2016-17ರ ಹೊತ್ತಿಗೆ 111.72 ಕಿ.ಮೀ.ಗೆ ಇಳಿದಿದ್ದವು. ಅರ್ಧಕ್ಕಿಂತ ಹೆಚ್ಚು ಮಾಯ. ಅದೇ ಅವಧಿಯಲ್ಲಿ ಕಣಿವೆಯ ಮೇಲ್ಮೈ ಹೊಲ, ತೋಪು, ಗೋಮಾಳದಿಂದ ಕಾಂಕ್ರೀಟಿಗೆ ಬದಲಾಯಿತು. ಪೋರುಮಾಮಿಳ್ಳದ ಭಾಷೆಯಲ್ಲಿ ಹೇಳುವುದಾದರೆ ನೀರು ಹೆಚ್ಚು, ನೆಲ ಕಡಿಮೆ.

ಎಷ್ಟು ಹೆಚ್ಚು ಅಂತ ಒಂದು ಮನೆಯ ಮಟ್ಟದಲ್ಲಿ ನೋಡೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್. 30×40 ಅಡಿ ಸೈಟು ಅಂದ್ರೆ ಸುಮಾರು 111 ಚದರ ಮೀಟರ್. ಒಂದು ಸಂಜೆ 60 ಮಿ.ಮೀ. ಮಳೆ ಸುರಿದರೆ ಆ ಸೈಟಿನ ಮೇಲೆ ಸುಮಾರು 6,700 ಲೀಟರ್ ಬೀಳುತ್ತೆ. ಮೂಲೆಯಿಂದ ಮೂಲೆಗೆ ಕಟ್ಟಡ, ಉಳಿದ ಜಾಗಕ್ಕೆ ಟೈಲ್ಸ್ ಹಾಕಿದ್ದರೆ ಅದರಲ್ಲಿ ಹತ್ತಕ್ಕೆ ಒಂಬತ್ತು ಭಾಗ ರಸ್ತೆಗೆ ಬರುತ್ತೆ. ಒಂದು ಟ್ಯಾಂಕರ್ ನೀರು. ಅದೇ ಜಾಗ ಹೊಲವಾಗಿದ್ದಾಗ ಬಹುಪಾಲು ಮಣ್ಣಿಗೆ ಇಳಿದು, ಉಳಿದದ್ದು ನಿಧಾನವಾಗಿ ಹರಿದು ಹೋಗುತ್ತಿತ್ತು. ಈಗ ಸಾವಿರಾರು ಮನೆಗಳ ನೀರು ಒಂದೇ ಗಂಟೆಯಲ್ಲಿ ಮೈಸೂರು ರಸ್ತೆಯ ಪಕ್ಕದ ಕಣಿವೆಗೆ ಇಳಿಯಬೇಕು. ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಸ್ಥಾನದೊಳಗೆ ಕಾಲುವೆಯ ನೀರು ನುಗ್ಗಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಅಷ್ಟು ಪ್ರಸಿದ್ಧವಲ್ಲದ ತಗ್ಗಿನ ಮನೆಗಳಲ್ಲಿ ಅದೇ ನೀರು ಅಕ್ಕಿ ಡಬ್ಬದವರೆಗೆ ಬಂದದ್ದರ ಚಿತ್ರ ಬಂದಿರುವುದಿಲ್ಲ.

ಕಂದಾಯವಿಲ್ಲದ ಕಾಲುವೆ

ರಾಜಕಾಲುವೆ ಎಂಬ ಹೆಸರಿನಲ್ಲಿ ರಾಜ ಇದ್ದಾನೆ. ದಾಖಲೆಯಲ್ಲಿ ಅದರ ಸ್ಥಾನ ನೋಡಿದರೆ ಮಾತ್ರ ಬೇಸರ ಆಗುತ್ತೆ. ಕಂದಾಯ ಇಲಾಖೆಯ ನಕ್ಷೆಯಲ್ಲಿ ಹಳ್ಳ, ಕಾಲುವೆ, ದಾರಿ, ಸ್ಮಶಾನಗಳು ‘ಬಿ’ ಖರಾಬು. ಸಾರ್ವಜನಿಕ ಉಪಯೋಗದ್ದು, ಆದ್ದರಿಂದ ಕಂದಾಯ ನಿಗದಿ ಇಲ್ಲ. ಒತ್ತುವರಿಯಿಂದ ಕಾಪಾಡಲು ಈ ವರ್ಗ ಬೇಕೇ ಬೇಕು. ಆದರೆ ಅದರ ಇನ್ನೊಂದು ಪರಿಣಾಮ ಗಮನಿಸಿ. ಅಗರದ ಕಲ್ಲಿನಲ್ಲಿ ನೀರಿನ ಕಟ್ಟಡದ ಹೆಸರಿಗೆ ಒಂದು ಆದಾಯ ಇತ್ತು. ಇಂದಿನ ಕಾಲುವೆಯ ಹೆಸರಿಗೆ ಏನೂ ಇಲ್ಲ. ಹೂಳೆತ್ತುವ ದುಡ್ಡು ಪಾಲಿಕೆಯ ಸಾಮಾನ್ಯ ಬೊಕ್ಕಸದಿಂದಲೋ ಸರ್ಕಾರದ ಅನುದಾನದಿಂದಲೋ ಬರಬೇಕು.

ಆಸ್ತಿ ತೆರಿಗೆಯ ರಸೀದಿ ನೋಡಿ. 2008ರಿಂದ ನಮ್ಮಲ್ಲಿ ಸ್ವಯಂಘೋಷಿತ ಪದ್ಧತಿ ಇದೆ. ಕಟ್ಟಡದ ವಿಸ್ತೀರ್ಣ, ವಲಯ, ಬಳಕೆ ಇವುಗಳ ಮೇಲೆ ಲೆಕ್ಕ. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿಯ ಸೆಸ್‌ಗಳು. 2025ರ ಏಪ್ರಿಲ್‌ನಿಂದ ಕಸದ ಸೇವಾ ಶುಲ್ಕವೂ ಸೇರಿತು. ಮನೆಯ ವಿಸ್ತೀರ್ಣದ ಪ್ರಕಾರ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಪುಸ್ತಕಕ್ಕೆ, ಕಸಕ್ಕೆ ಬೇರೆ ಬೇರೆ ಸಾಲು ಇವೆ. ಮಳೆನೀರಿಗೆ ಸಾಲಿಲ್ಲ.

ಸಾಲು ಸೇರಿಸುವುದು ಸುಲಭ ಅಲ್ವಾ, ಆಸ್ತಿ ತೆರಿಗೆಯ ಮೇಲೆ ಶೇಕಡಾ ಇಷ್ಟು ಅಂದರಾಯಿತು ಅನಿಸಬಹುದು. ಇಲ್ಲೇ ಅಳತೆಯ ಪ್ರಶ್ನೆ ಬರುವುದು. ಆಸ್ತಿ ತೆರಿಗೆ ನೋಡುವುದು ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು. ಮಳೆ ನೋಡುವುದು ತಾರಸಿಯನ್ನು ಮಾತ್ರ. ನೆಲಮಹಡಿಯ ಮೇಲೆ ಮೂರು ಮಹಡಿ ಇದ್ದರೂ ಒಂದೇ ಮಹಡಿ ಇದ್ದರೂ ಬೀಳುವ ನೀರು ಅಷ್ಟೇ. ದೊಡ್ಡ ಕಾಂಕ್ರೀಟ್ ಅಂಗಳದ ಗೋದಾಮು ಕಟ್ಟಡದ ಲೆಕ್ಕದಲ್ಲಿ ಚಿಕ್ಕದು, ಮಳೆಯ ಲೆಕ್ಕದಲ್ಲಿ ದೊಡ್ಡದು. ಮರ, ಮಣ್ಣು ಉಳಿಸಿಕೊಂಡ ಹಳೆಯ ತೋಟದ ಮನೆ ಬೆಲೆಯಲ್ಲಿ ದೊಡ್ಡದು, ಮಳೆಯ ಲೆಕ್ಕದಲ್ಲಿ ಚಿಕ್ಕದು. ಗದ್ದೆಯನ್ನು ಬೀಜದ ಕೊಳಗದಲ್ಲಿ ಅಳೆದದ್ದು ಸುಮ್ಮನೆ ಅಲ್ಲ. ಕೇಳಬೇಕಾದ ಪ್ರಶ್ನೆಗೆ ಹೊಂದುವ ಅಳತೆ ಅದು. ನೀರಿಗೆ ಬೇಕಾದ ಕೊಳಗವೇ ಬೇರೆ.

ಊರುಗಳು ಶುಲ್ಕ ಕಟ್ಟುವ ಬಗೆ

ಆ ಕೊಳಗ ಬೇರೆಡೆ ಸಿದ್ಧವಾಗಿದೆ. ಅಮೆರಿಕದ ಬೆಲ್‌ವ್ಯೂ ನಗರ 1974ರಲ್ಲಿ ಮಳೆನೀರಿಗೇ ಪ್ರತ್ಯೇಕ ವ್ಯವಸ್ಥೆ ಮಾಡಿ ಆಸ್ತಿಗಳಿಂದ ಶುಲ್ಕ ಎತ್ತಲು ಶುರು ಮಾಡಿತು. ಬರ್ಲಿನ್ 2000ದಿಂದ ಕೊಳಚೆ ನೀರಿಗೂ ಮಳೆನೀರಿಗೂ ಬಿಲ್ಲನ್ನು ಬೇರೆ ಮಾಡಿತು. ಮಳೆನೀರಿನ ಭಾಗ ಕಾಲುವೆಗೆ ನೀರು ಬಿಡುವ ಮುಚ್ಚಿದ ನೆಲದ ಚದರ ಮೀಟರಿನ ಮೇಲೆ. ಫಿಲಡೆಲ್ಫಿಯಾದಲ್ಲಿ ಮೊದಲು ನೀರಿನ ಮೀಟರಿನ ಗಾತ್ರದ ಮೇಲೆ ಲೆಕ್ಕ ಇತ್ತು. ನಲ್ಲಿಯೇ ಇಲ್ಲದ ದೊಡ್ಡ ಪಾರ್ಕಿಂಗ್ ಜಾಗಗಳು ಏನೂ ಕೊಡದೆ ತಪ್ಪಿಸಿಕೊಳ್ಳುತ್ತಿದ್ದವು. 2010ರಿಂದ ಮನೆಗಳಲ್ಲದ ಆಸ್ತಿಗಳಿಗೆ ಹಂತಹಂತವಾಗಿ ಅಳತೆ ಬದಲಿಸಿದರು. ಶುಲ್ಕದ 80 ಭಾಗ ನೀರು ಇಂಗದ ಮೇಲ್ಮೈಯ ಮೇಲೆ, 20 ಭಾಗ ಒಟ್ಟು ನಿವೇಶನದ ಮೇಲೆ. ಮನೆಗಳಿಗೆ ಒಂದೇ ಸಮನಾದ ದರ.

ಕ್ರಮ ಸ್ಥೂಲವಾಗಿ ಹೀಗೆ. ಮೊದಲು ವರ್ಷದ ಖರ್ಚು: ಹೂಳು, ತಡೆಗೋಡೆ, ಸಿಬ್ಬಂದಿ, ಹೊಸ ಕಾಲುವೆ. ಆಮೇಲೆ ಆಕಾಶದಿಂದ ತೆಗೆದ ಚಿತ್ರಗಳಿಂದ ಇಂಗದ ಮೇಲ್ಮೈಯ ಒಟ್ಟು ಅಳತೆ. ಖರ್ಚನ್ನು ಅಳತೆಯಿಂದ ಭಾಗಿಸಿದರೆ ದರ. ಸಾಮಾನ್ಯ ಮನೆಯೊಂದರ ಸರಾಸರಿ ಮೇಲ್ಮೈಯನ್ನು ಒಂದು ಘಟಕ ಎಂದು ಹಿಡಿದು, ದೊಡ್ಡ ಆಸ್ತಿಗಳಿಗೆ ಅದರ ಎಷ್ಟು ಪಟ್ಟು ಎಂದು ಲೆಕ್ಕ ಹಾಕುವುದೂ ಉಂಟು. ಇಂಗುಗುಂಡಿ, ಸಂಪು ಮಾಡಿ ನೀರು ಹಿಡಿದವರಿಗೆ ರಿಯಾಯಿತಿ.

ಲೆಕ್ಕ ಅರ್ಥವಾಗಲಿ ಅಂತ ಒಂದು ಊಹೆಯ ಉದಾಹರಣೆ. ಒಂದು ಕಾಲುವೆಗೆ ನೀರು ಬಿಡುವ ಗಟ್ಟಿ ಮೇಲ್ಮೈ 10 ಲಕ್ಷ ಚದರ ಮೀಟರ್, ವರ್ಷದ ಖರ್ಚು 50 ಲಕ್ಷ ರೂಪಾಯಿ ಇರಲಿ. ಚದರ ಮೀಟರಿಗೆ 5 ರೂಪಾಯಿ. 100 ಚದರ ಮೀಟರಿನ ತಾರಸಿಗೆ ವರ್ಷಕ್ಕೆ 500. ಅದೇ ತಾರಸಿಯ ಕೆಳಗೆ ನಾಲ್ಕು ಸಂಸಾರ ಇದ್ದರೆ ತಲಾ 125. ಶೆಡ್ಡು, ಅಂಗಳ ಸೇರಿ 5,000 ಚದರ ಮೀಟರ್ ಇರುವ ಕಾರ್ಖಾನೆಗೆ 25,000. ನ್ಯಾಯವೋ ಅನ್ಯಾಯವೋ ಚರ್ಚೆ ಮಾಡಬಹುದು, ಯಾಕೆಂದರೆ ಲೆಕ್ಕ ಕಣ್ಣಿಗೆ ಕಾಣುತ್ತೆ.

ಇದನ್ನು ಶುಲ್ಕ ಅಂತ ಕರೆಯಬಹುದೋ ತೆರಿಗೆ ಅಂತಲೋ? ಇದಕ್ಕೆ ಉತ್ತರ ನಮ್ಮ ಉಡುಪಿಯ ಕಡೆಯಿಂದಲೇ ಬಂದಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಮಠಗಳಿಂದ ಸರ್ಕಾರ ಎತ್ತುತ್ತಿದ್ದ ವಂತಿಗೆಯನ್ನು ಶೀರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು ಪ್ರಶ್ನಿಸಿದರು. 1954ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ತೆರಿಗೆಗೂ ಶುಲ್ಕಕ್ಕೂ ಗೆರೆ ಎಳೆಯಿತು. ತೆರಿಗೆ ಎಲ್ಲರ ಮೇಲಿನ ಸಾಮಾನ್ಯ ಹೊರೆ. ಶುಲ್ಕ ನಿರ್ದಿಷ್ಟ ಸೇವೆಗೆ ಪ್ರತಿಯಾಗಿ. ಆ ವಂತಿಗೆ ಸರ್ಕಾರದ ಸಾಮಾನ್ಯ ನಿಧಿಗೆ ಹೋಗುತ್ತಿತ್ತು, ಸೇವೆಯ ಖರ್ಚಿಗೆಂದು ಪ್ರತ್ಯೇಕ ಇಟ್ಟಿರಲಿಲ್ಲ. ಆದ್ದರಿಂದ ಅದು ಶುಲ್ಕವಲ್ಲ, ತೆರಿಗೆ ಅಂತಾಯಿತು. ಮುಂದಿನ ತೀರ್ಪುಗಳು ಪೈಸೆಗೆ ಪೈಸೆ ಹೊಂದಬೇಕಿಲ್ಲ ಎಂದು ಸ್ವಲ್ಪ ಸಡಿಲಿಸಿದವು. ಆದರೂ ಬೇರಿನ ಮಾತು ಉಳಿದಿದೆ: ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸಂಬಂಧ ಕಾಣಬೇಕು. ಬಿತ್ತುವಟ್ಟ ಬರೆಸಿದವರು ಇದನ್ನು ಕೇಳಿದ್ದರೆ ಇದರಲ್ಲಿ ಹೊಸದೇನು ಅನ್ನುತ್ತಿದ್ದರೇನೋ.

ಅರ್ಧ ದಾರಿ ಬಂದಿದ್ದೇವೆ

ಬೆಂಗಳೂರಿನ ಕಾನೂನಿನಲ್ಲಿ ಮಳೆಯ ಅಳತೆ ಆಗಲೇ ಇದೆ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯಿಂದ 60×40 ಅಡಿ ಮತ್ತು ಅದಕ್ಕೂ ದೊಡ್ಡ ಜಾಗದ ಹಳೆಯ ಕಟ್ಟಡಗಳಿಗೆ, 30×40 ಮತ್ತು ಅದಕ್ಕೂ ದೊಡ್ಡ ಜಾಗದ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಎಷ್ಟು ನೀರು ಹಿಡಿಯಬೇಕು? ಛಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರ್, ಹಾಸುಗಲ್ಲಿನ ಅಂಗಳಕ್ಕೆ 10 ಲೀಟರ್ ಎಂದಿದ್ದದ್ದನ್ನು ಮುಂದೆ 60 ಮತ್ತು 30ಕ್ಕೆ ಏರಿಸಿದರು. 60 ಲೀಟರ್ ಅಂದ್ರೆ ಮೇಲೆ ಹೇಳಿದ 60 ಮಿ.ಮೀ.ಯ ಆ ಸಂಜೆಯ ಮಳೆಯೇ. ಛಾವಣಿ ಬೇರೆ, ಅಂಗಳ ಬೇರೆ ಎಂದು ಮೇಲ್ಮೈಯನ್ನು ಅಳೆಯುವ ಕೊಳಗ ನಮ್ಮ ಕೈಯಲ್ಲೇ ಇದೆ.

ಆದರೆ ಅದನ್ನು ಬಳಸಿದ್ದು ದಂಡಕ್ಕೆ. ಕೊಯ್ಲು ಮಾಡದವರಿಗೆ ನೀರಿನ ಬಿಲ್ಲಿನ ಮೇಲೆ ಶೇಕಡಾವಾರು ದಂಡ. ಬೋರ್‌ವೆಲ್ ನಂಬಿ, ಮಂಡಳಿಯ ನೀರನ್ನು ಕಡಿಮೆ ಬಳಸುವ ದೊಡ್ಡ ಛಾವಣಿಗೆ ಚಿಕ್ಕ ದಂಡ. ದಂಡ ಹೋಗುವುದು ಜಲಮಂಡಳಿಗೆ. ಕಾಲುವೆ ಇರುವುದು ಪಾಲಿಕೆಯ ಹತ್ತಿರ. ಬಡಾವಣೆ ಮಾಡಿದ್ದು ಬಿಡಿಎ, ನೆಲದ ದಾಖಲೆ ಕಂದಾಯ ಇಲಾಖೆಯದು. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆಗಳಾದ ಮೇಲೆ ಮೆಜೆಸ್ಟಿಕ್ ಸುತ್ತಿನ ನೀರು ಕೇಂದ್ರ ಪಾಲಿಕೆಯಲ್ಲಿ ಹುಟ್ಟಿ ಪಶ್ಚಿಮ ಪಾಲಿಕೆಯಲ್ಲಿ ಹರಿದು, ಕೆಂಗೇರಿ ದಾಟಿ ಬಿಡದಿಯ ಕಡೆಗೆ ಹೋಗುತ್ತೆ. ಎರಡು ರಾಜ್ಯಗಳ ಗಡಿಯ ಕೆರೆ ಎಂಬ ದೋಷ ಅಂದ್ರೆ ಇದೇ.

ಶುಲ್ಕ ಬಂದರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ಕೇಳಲೇಬೇಕಾದ ಪ್ರಶ್ನೆಗಳಿವೆ. ನಗರದ ಗಟ್ಟಿ ಮೇಲ್ಮೈಯಲ್ಲಿ ದೊಡ್ಡ ಪಾಲು ರಸ್ತೆಗಳದ್ದೇ. ಆ ಪಾಲನ್ನು ಪಾಲಿಕೆ ತಾನೇ ಭರಿಸಬೇಕು, ಮನೆಯವರ ತಲೆಗೆ ಕಟ್ಟಬಾರದು. ಸರ್ಕಾರಿ ಕಚೇರಿ, ಬಸ್ ಡಿಪೋಗಳಿಗೆ ವಿನಾಯಿತಿ ಕೊಟ್ಟರೆ ಅಳತೆಯ ಅರ್ಥವೇ ಹೋಗುತ್ತೆ. ಕಾಲುವೆಯ ಅಂಚಿನ ತಗಡು ಮನೆಗಳ ಛಾವಣಿ ಎಷ್ಟಿರುತ್ತೆ? ಅವರು ಕಳಿಸುವ ನೀರು ಕಡಿಮೆ, ಅವರ ಮನೆಗೆ ನುಗ್ಗುವ ನೀರು ಹೆಚ್ಚು. ಒಂದು ಮಿತಿಗಿಂತ ಕೆಳಗಿನವರನ್ನು ಬಿಟ್ಟುಬಿಡುವುದೇ ಸರಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೆಳಗಿನವರದ್ದು. ಇಲ್ಲಿಗೆ ಬಂದಾಗ ಶಾಸನದ ಮಾದರಿ ತಿರುಗುಮುರುಗಾಗುತ್ತೆ. ಬಿತ್ತುವಟ್ಟ ಕೊಟ್ಟದ್ದು ನೀರು ಪಡೆದ ನೆಲ, ಯಾಕೆಂದರೆ ಆಗ ಹರಿದು ಬಂದ ನೀರು ವರ. ಇವತ್ತು ವೃಷಭಾವತಿ ಬೈರಮಂಗಲದ ಕೆರೆಗೆ ಮುಟ್ಟಿಸುವುದು ಮಳೆಯ ಜೊತೆ ಊರಿನ ಕೊಳಚೆ, ಕಾರ್ಖಾನೆಯ ನೊರೆ. ಅದನ್ನು ಗದ್ದೆಗೆ ಹಾಯಿಸುವ ರೈತ ಪ್ರತಿದಿನ ನಮ್ಮ ಪರವಾಗಿ ದಂಡ ಕಟ್ಟುತ್ತಿದ್ದಾನೆ. ಹಾಗಾಗಿ ಬಿತ್ತುವಟ್ಟದ ದಿಕ್ಕನ್ನು ನಾವು ಬದಲಿಸಬೇಕು: ನೀರು ಪಡೆದವರಲ್ಲ, ನೀರು ಕಳಿಸಿದವರು ಕೊಡಬೇಕು. ದಿಕ್ಕು ಬದಲಾದರೂ ಬದಲಾಗಬಾರದ್ದು ಆ ಐದು ವಿಷಯ: ಯಾವ ಕಾಲುವೆ, ಯಾವ ಆಸ್ತಿಗಳಿಂದ, ಯಾವ ಅಳತೆ, ಯಾರ ಸುಪರ್ದಿ, ತಪ್ಪಿದರೆ ಏನು. ಈ ಐದರಲ್ಲಿ ಒಂದು ಬಿಟ್ಟುಹೋದರೂ ಜನ ಅದನ್ನು ಇನ್ನೊಂದು ಸೆಸ್ ಅಂತಲೇ ನೋಡುತ್ತಾರೆ, ನೋಡಬೇಕು ಕೂಡ.

ನಮ್ಮ ಹಳೆಯ ಕೆರೆಶಾಸನಗಳು ನಿಂತಿದ್ದು ಕೆರೆಯ ಹತ್ತಿರ, ತೂಬಿನ ಬಳಿ, ಏರಿಯ ಮೇಲೆ, ನೀರು ಬಿಡುವವನೂ ಪಡೆಯುವವನೂ ಓಡಾಡುವ ಜಾಗದಲ್ಲಿ. ಲೆಕ್ಕ ಕಚೇರಿಯ ಕಡತದಲ್ಲಿ ಕೂರಲಿಲ್ಲ, ಬಯಲಿನಲ್ಲಿ ನಿಂತಿತ್ತು. ಮುಂದೊಂದು ದಿನ ಮಳೆನೀರು ಶುಲ್ಕ ಬಂದರೆ ಬಸವೇಶ್ವರನಗರದ, ನಾಯಂಡಹಳ್ಳಿಯ, ಕೆಂಗೇರಿಯ ಒಂದೊಂದು ಕಾಲುವೆಯ ಸೇತುವೆಯ ಮೇಲೂ ಅಂಥದ್ದೊಂದು ಫಲಕ ಇರಲಿ. ಕಾಲುವೆಯ ಹೆಸರು, ಹುಟ್ಟಿದ ಜಾಗ, ಸೇರುವ ಜಾಗ, ಈ ವರ್ಷ ಬಂದ ದುಡ್ಡು, ಎತ್ತಿದ ಹೂಳು, ಹೊಣೆ ಹೊತ್ತ ಅಧಿಕಾರಿಯ ಹುದ್ದೆ. ಶಾಪಾಶಯ ಬೇಡ. ದಾರಿಹೋಕರು ಓದುತ್ತಾರೆ ಎಂಬ ಅಂಜಿಕೆ ಸಾಕು.